ಬಿಸಿಯಾದರೆ ನಿಲ್ಲುವ ಅಂಬಾಸಡರ್: ಅಂಗಡಿಯ ಮದ್ದುಗಳಲ್ಲಿ ಯಾವುದು ಕೊಳ್ಳಬೇಕು, ಯಾವುದು ಬಿಡಬೇಕು

ತಣ್ಣಗಿದ್ದಾಗ ಒಂದೇ ಸೆಲ್ಫ್‌ಗೆ ಹಿಡಿಯುವ ಗಾಡಿ, ಮುಕ್ಕಾಲು ಗಂಟೆ ಓಡಿ ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಆಫ್ ಆಗುತ್ತದೆ. ಎಷ್ಟು ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಹಳೆಯ ಅಂಬಾಸಡರ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಾಯಿಲೆ. ಬಹುತೇಕ ಗ್ಯಾರೇಜುಗಳಲ್ಲಿ ಇದಕ್ಕೆ ಏರ್ ಲಾಕ್ (ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಹರಿವು ಕಟ್ಟುವುದು) ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಇದಕ್ಕೆಂದೇ ಮಾರುವ ಸಾಮಾನು ಬೇಕಾದಷ್ಟಿದೆ: ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಕಿಟ್, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನಡಿ ಬಿಸಿ ತಡೆಯಲು ಹಾಕುವ ಬೇಕಲೈಟ್ ತುಂಡು, ಎಲೆಕ್ಟ್ರಾನಿಕ್ ಇಗ್ನಿಷನ್, ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ 'ಸ್ಪೋರ್ಟ್ಸ್' ಕಾಯಿಲ್, ಪೈಪಿಗೆ ಸುತ್ತುವ ಬೆಳ್ಳಿ ಬಣ್ಣದ ಟೇಪು. ಈ ವಿಮರ್ಶೆ ಆ ಸಾಮಾನುಗಳದ್ದು. ಗಣನೆಗೆ ತೆಗೆದುಕೊಂಡಿರುವುದು 1489 ಸಿಸಿಯ ಬಿಎಂಸಿ ಪೆಟ್ರೋಲ್ ಎಂಜಿನ್ನಿನ, ಪಾಯಿಂಟ್ ಡೆಲ್ಕೊ (ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್; ಪಾಯಿಂಟ್ ಎಂದರೆ ಅದರೊಳಗೆ ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್ಚು) ಮತ್ತು ಸೋಲೆಕ್ಸ್ ಕಾರ್ಬೊರೇಟರ್ ಇರುವ ಗಾಡಿಗಳನ್ನು ಮಾತ್ರ. 1990ರ ದಶಕದಲ್ಲಿ ಬಂದ 1.8 ಇಸುಜು ಎಂಜಿನ್ನಿನ ಕಥೆ ಬೇರೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದುಡ್ಡು ಹಾಕುವ ಕ್ರಮ ಹೀಗಿರಲಿ: ಮೊದಲು ಕಂಡೆನ್ಸರ್ (ಪಾಯಿಂಟಿನ ಜೊತೆಗಿರುವ ಸಣ್ಣ ಡಬ್ಬಿ), ಆಮೇಲೆ ರೋಟರ್ (ಡೆಲ್ಕೊ ಒಳಗೆ ತಿರುಗುತ್ತ ಒಂದೊಂದೇ ಪ್ಲಗ್ಗಿಗೆ ಕರೆಂಟು ಕೊಡುವ ತುಂಡು), ಪೆಟ್ರೋಲ್ ಪೈಪು, ಎಸಿ ಪಂಪಿನ (ಎಂಜಿನ್ನೇ ನಡೆಸುವ ಮೂಲ ಪೆಟ್ರೋಲ್ ಪಂಪು) ರಿಪೇರಿ ಕಿಟ್, ಕಾಯಿಲ್. ಎಲೆಕ್ಟ್ರಿಕ್ ಪಂಪು ಕೊನೆಗೆ, ಅದೂ ಬೇಕೆಂದು ಖಾತ್ರಿಯಾದ ಮೇಲೆ. ಕೌಂಟರಿನಲ್ಲಿ ತೋರಿಸುವ ಕ್ರಮ ಸಾಮಾನ್ಯವಾಗಿ ಇದರ ಉಲ್ಟಾ ಇರುತ್ತದೆ. ಕಂಡೆನ್ಸರ್ ಮಾರಿದರೆ ಅಂಗಡಿಗೆ ಏನು ಉಳಿಯುತ್ತದೆ ಹೇಳಿ.

ಮೊದಲ ಎರಡು ನಿಮಿಷ

ಯಾವ ಸಾಮಾನು ಬೇಕೆಂದು ಗೊತ್ತಾಗುವುದು ಗಾಡಿ ನಿಂತ ಮೊದಲ ಎರಡು ನಿಮಿಷದಲ್ಲಿ ಮಾತ್ರ. ಮೆಕ್ಯಾನಿಕ್ ಬರುವ ಹೊತ್ತಿಗೆ ಎಂಜಿನ್ ಆರಿರುತ್ತದೆ, ದೋಷವೂ ಮಾಯವಾಗಿರುತ್ತದೆ. ಅವರು ಕಾರ್ಬೊರೇಟರ್ ಬಿಚ್ಚಿ ತೊಳೆದು ಕಳಿಸುತ್ತಾರೆ, ಮರುದಿನ ಮತ್ತೆ ಅದೇ ಪಾಡು. ಹಾಗಾಗಿ ಗಾಡಿಯಲ್ಲಿ ಇಷ್ಟು ಇರಬೇಕು: ರಬ್ಬರ್ ಹಿಡಿಯ ಇಕ್ಕಳ, ಸ್ಕ್ರೂಡ್ರೈವರ್, ಎರಡೂ ತುದಿಗೆ ಕ್ಲಿಪ್ ಹಾಕಿದ ಎರಡು ಮೀಟರ್ ವೈರು, ಒಂದು ಹೊಸ ಕಂಡೆನ್ಸರ್, ಅಗ್ಗದ್ದಾದರೂ ಒಂದು ಮಲ್ಟಿಮೀಟರ್.

ನಿಂತ ರೀತಿಯನ್ನು ಮೊದಲು ಗಮನಿಸಿ. ಚಾವಿ ತಿರುಗಿಸಿ ಆಫ್ ಮಾಡಿದಂತೆ ತಟ್ಟನೆ ನಿಂತರೆ ಅದು ಕರೆಂಟಿನ ಕಡೆಯದು. ಜಗ್ಗಿ ಜಗ್ಗಿ, ಆಕ್ಸಲರೇಟರ್ ಒತ್ತಿದರೂ ಎಳೆತವಿಲ್ಲದೆ, ಕೊನೆಗೆ ನಿಂತರೆ ಪೆಟ್ರೋಲಿನದು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿಕಿಂಡಿ ಕಟ್ಟಿದೆ. ಇದಕ್ಕೆ ಬೇಕಾದದ್ದು ಒಂದು ಸೂಜಿ, ಪಂಪ್ ಕಿಟ್ ಅಲ್ಲ.

ಮುಂದೆ ಪೆಟ್ರೋಲ್ ಪರೀಕ್ಷೆ. ಏರ್ ಕ್ಲೀನರ್ ತೆಗೆದು, ಕಾರ್ಬೊರೇಟರಿನ ಬಾಯೊಳಗೆ ನೋಡುತ್ತ ಆಕ್ಸಲರೇಟರ್ ಲಿಂಕನ್ನು ಕೈಯಿಂದ ಒಮ್ಮೆ ಎಳೆಯಿರಿ. ಪಂಪ್ ಜೆಟ್ಟಿನಿಂದ (ಒಳಗಿನ ಸಣ್ಣ ನಳಿಕೆ) ತೆಳುವಾದ ಧಾರೆ ಚಿಮ್ಮಿದರೆ ಫ್ಲೋಟ್ ಚೇಂಬರಿನಲ್ಲಿ (ಕಾರ್ಬೊರೇಟರಿನ ಪೆಟ್ರೋಲ್ ತೊಟ್ಟಿ) ಪೆಟ್ರೋಲಿದೆ. ಧಾರೆಯೇ ಇಲ್ಲದಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಮೂರನೆಯದೂ ಒಂದಿದೆ: ಎಂಜಿನ್ ನಿಂತಿದ್ದರೂ ಒಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ, ಬಾಯಿಯಿಂದ ಆವಿ ಏಳುತ್ತಿದ್ದರೆ, ಚೇಂಬರಿನೊಳಗಿನ ಪೆಟ್ರೋಲ್ ಕುದಿದು, ಎಂಜಿನ್ನಿಗೆ ಮಿಶ್ರಣ ಒಯ್ಯುವ ಮ್ಯಾನಿಫೋಲ್ಡಿಗೆ ಉಕ್ಕುತ್ತಿದೆ. ಆಗ ಚೋಕ್ ಮುಟ್ಟಬಾರದು. ಆಕ್ಸಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಪಂಪ್ ಮಾಡದೆ, ಸೆಲ್ಫ್ ಹೊಡೆದರೆ ಹೆಚ್ಚಾದ ಪೆಟ್ರೋಲ್ ಹೊರಹೋಗಿ ಹಿಡಿಯುತ್ತದೆ.

ಏರ್ ಕ್ಲೀನರ್ ವಾಪಸು ಕೂರಿಸಿ, ಆವಿಯ ವಾಸನೆ ಹೋಗುವವರೆಗೆ ತಡೆದು, ಆಮೇಲೆಯೇ ಕಿಡಿಯ ಪರೀಕ್ಷೆ. ತೆರೆದ ಕಾರ್ಬೊರೇಟರಿನ ಪಕ್ಕ ಕಿಡಿ ಹಾರಿಸುವುದು ಬೇಡ. ಡೆಲ್ಕೊ ಕ್ಯಾಪಿನ ನಡುವಿನ ಮೇನ್ ವೈರನ್ನು ಎಳೆದು, ಇಕ್ಕಳದಲ್ಲಿ ಹಿಡಿದು, ತುದಿಯನ್ನು ಬ್ಲಾಕಿನಿಂದ ಸುಮಾರು 6 ಮಿ.ಮೀ. ದೂರ ಇಡಿ, ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಚಟಚಟ ಸದ್ದಿನ ದಪ್ಪ ನೀಲಿ ಕಿಡಿ ಬಂದರೆ ಕಾಯಿಲ್, ಕಂಡೆನ್ಸರ್, ಪಾಯಿಂಟ್ ಮೂರೂ ಸರಿ ಇವೆ. ಸಣಕಲು ಹಳದಿ ಕಿಡಿ ಬಂದರೆ ಕಂಡೆನ್ಸರ್ ಅಥವಾ ಕಾಯಿಲ್. ಕಿಡಿಯೇ ಇಲ್ಲದಿದ್ದರೆ ಕ್ಲಿಪ್ ವೈರನ್ನು ಬ್ಯಾಟರಿಯಿಂದ ನೇರ ಕಾಯಿಲಿನ ಚಾವಿ ಕಡೆಯ ಟರ್ಮಿನಲ್ಲಿಗೆ ಕೊಟ್ಟು ನೋಡಿ. ಹಾಗೆ ಕಿಡಿ ಬಂದರೆ ಕಾಯಿಲನ್ನು ಬೈಯಬೇಡಿ. ಚಾವಿ ಸ್ವಿಚ್ಚೋ ಅದರ ಸಾಕೆಟ್ಟೋ ಬಿಸಿಗೆ ಬಿಟ್ಟುಕೊಳ್ಳುತ್ತಿದೆ.

ಇನ್ನೊಂದು ಮೋಸ: ಟ್ಯಾಂಕಿನ ತುಕ್ಕು. ಓಡುವಾಗ ತುಕ್ಕಿನ ಹುಡಿ ಪೆಟ್ರೋಲ್ ಎಳೆಯುವ ಕೊಳವೆಯ ಬಾಯಿಗೆ ಬಂದು ಅಂಟುತ್ತದೆ, ಗಾಡಿ ನಿಂತ ಮೇಲೆ ನಿಧಾನಕ್ಕೆ ತಳ ಸೇರುತ್ತದೆ, ಗಾಡಿ ಮತ್ತೆ ಹೊರಡುತ್ತದೆ. ನೋಡುವವರಿಗೆ ಎಂಜಿನ್ ಆರಿದ್ದಕ್ಕೇ ಸರಿಹೋಯಿತು ಎನಿಸುತ್ತದೆ. ಬೆಳಗ್ಗೆಯ ಚಳಿಯಲ್ಲಿ, ಎಂಜಿನ್ ಇನ್ನೂ ಬಿಸಿಯಾಗುವ ಮೊದಲೇ ಒಮ್ಮೊಮ್ಮೆ ಹೀಗಾಗುತ್ತಿದ್ದರೆ ಟ್ಯಾಂಕ್ ಇಳಿಸುವುದೇ ದಾರಿ.

ಕಂಡೆನ್ಸರ್: ಮೊದಲು ಕೊಳ್ಳಬೇಕಾದದ್ದು

ಹೆಬ್ಬೆರಳಿನಷ್ಟೂ ಇಲ್ಲದ ಈ ತಗಡಿನ ಡಬ್ಬಿಯೊಳಗೆ ತೆಳು ಹಾಳೆಗಳ ಸುರುಳಿ ಇರುತ್ತದೆ. ಪಾಯಿಂಟ್ ತೆರೆದುಕೊಳ್ಳುವ ಕ್ಷಣದಲ್ಲಿ ಅಲ್ಲಿ ಹಾರಬೇಕಿದ್ದ ಕಿಡಿಯನ್ನು ಇದು ನುಂಗುತ್ತದೆ. ಹಾಗೆ ನುಂಗಿದ್ದರಿಂದಲೇ ಕಾಯಿಲಿನೊಳಗಿನ ಕಾಂತಕ್ಷೇತ್ರ ತಟ್ಟನೆ ಕುಸಿದು ಪ್ಲಗ್ಗಿಗೆ ಬೇಕಾದ ಹೈ ವೋಲ್ಟೇಜ್ ಹುಟ್ಟುತ್ತದೆ. ಡೆಲ್ಕೊ ಒಳಗೆ ಬಿಸಿ ಏರಿದಂತೆ ಸುರುಳಿಗೂ ತುದಿಗೂ ಇರುವ ಸಂಪರ್ಕ ಸಡಿಲವಾಗುತ್ತದೆ, ಇಲ್ಲವೇ ಹಾಳೆಗಳ ನಡುವೆ ಸೋರಿಕೆ ಶುರುವಾಗುತ್ತದೆ. ಆರಿದರೆ ಮತ್ತೆ ಕೂಡಿಕೊಳ್ಳುತ್ತದೆ. ಬಿಸಿಗೆ ನಿಂತು ತಣ್ಣಗಾದರೆ ಹೊರಡುವ ಲಕ್ಷಣಕ್ಕೆ ಇದಕ್ಕಿಂತ ಸರಿಯಾಗಿ ಹೊಂದುವ ಭಾಗ ಗಾಡಿಯಲ್ಲಿ ಇನ್ನೊಂದಿಲ್ಲ.

ದೋಷ ಪತ್ತೆಗೆ ಡೆಲ್ಕೊ ಬಿಚ್ಚಲೂ ಬೇಕಿಲ್ಲ. ಗಾಡಿ ನಿಂತ ಕೂಡಲೇ ಹೊಸ ಕಂಡೆನ್ಸರಿನ ವೈರನ್ನು ಕಾಯಿಲಿನಿಂದ ಡೆಲ್ಕೊಗೆ ಹೋಗುವ ಟರ್ಮಿನಲ್ಲಿಗೆ ಸಿಕ್ಕಿಸಿ, ಅದರ ಮೈಯನ್ನು ಕ್ಲಿಪ್ ವೈರಿನಿಂದ ಅರ್ಥ್ ಮಾಡಿ ಸೆಲ್ಫ್ ಹೊಡೆಯಿರಿ. ಹಿಡಿದರೆ ಹಳೆಯದು ಸತ್ತಿದೆ. ಆದರೆ ಹಳೆಯ ಕಂಡೆನ್ಸರ್ ಶಾರ್ಟ್ ಆಗಿದ್ದರೆ ಪಕ್ಕದಲ್ಲಿ ಹೊಸದು ಕೊಟ್ಟರೂ ಪ್ರಯೋಜನವಿಲ್ಲ. ಕ್ಯಾಪ್ ತೆಗೆದು ಹಳೆಯದರ ವೈರ್ ಬಿಡಿಸಿಯೇ ನೋಡಬೇಕು.

ಕೊಳ್ಳುವಾಗ ಏನು ನೋಡಬೇಕು? ಅಳತೆ 0.18ರಿಂದ 0.25 ಮೈಕ್ರೋಫ್ಯಾರಡ್ ಒಳಗಿರಬೇಕು. ಕೆಪ್ಯಾಸಿಟರ್ ಅಳೆಯುವ ಮಲ್ಟಿಮೀಟರ್ ಇದ್ದರೆ ಕೌಂಟರಿನಲ್ಲೇ ಅಳೆಯಿರಿ, ಮನೆಗೆ ತಂದು ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿ ಮಾಡಿ ಮತ್ತೊಮ್ಮೆ ಅಳೆಯಿರಿ. ಅಂಕಿ ಕುಣಿಯಬಾರದು, ಸೊನ್ನೆಗೆ ಬೀಳಬಾರದು. ವೈರ್ ಹೊರಬರುವ ಕಡೆ ಬೆರಳಿನಿಂದ ಅಲ್ಲಾಡಿಸಿ ನೋಡಿ. ಅಲ್ಲಿ ಸಡಿಲವಿದ್ದರೆ ವಾಪಸು ಕೊಡಿ. ಇಂದು ಸಿಗುವ ಹೊಸ ಕಂಡೆನ್ಸರುಗಳ ಗುಣಮಟ್ಟ ಏರುಪೇರು, ಒಳ್ಳೆಯ ಕಂಪನಿಯ ಡಬ್ಬಿಯನ್ನೇ ನಕಲು ಮಾಡಿದ ಮಾಲೂ ಓಡಾಡುತ್ತದೆ. ಆದ್ದರಿಂದ 'ಮೊನ್ನೆಯಷ್ಟೇ ಹೊಸದು ಹಾಕಿದ್ದೇವೆ' ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಹಳೆಯ ಗಾಡಿಯಿಂದ ಬಿಚ್ಚಿದ, ಇನ್ನೂ ಸರಿಯಾಗಿ ಅಳತೆ ತೋರಿಸುವ ಕಂಡೆನ್ಸರ್ ಸಿಕ್ಕಿದರೆ ಹೊಸದಕ್ಕಿಂತ ಅದನ್ನೇ ನಂಬಬಹುದು. ರೇಡಿಯೊ ಗೊರಗೊರ ತಡೆಯಲು ಕಾಯಿಲಿನ ಚಾವಿ ಬದಿಗೆ ಹಾಕುವ ದೊಡ್ಡ ಕಂಡೆನ್ಸರೂ ನೋಡಲು ಹೀಗೇ ಇರುತ್ತದೆ, ಆದರೆ ಅದರ ಅಳತೆ ಹಲವು ಪಟ್ಟು ಹೆಚ್ಚು. ಅದನ್ನು ಡೆಲ್ಕೊ ಬದಿಗೆ ಹಾಕಿದರೆ ಕಿಡಿ ಸಣ್ಣದಾಗಿ ಪಾಯಿಂಟ್ ಬೇಗ ಹಾಳಾಗುತ್ತದೆ.

ಕಂಡೆನ್ಸರನ್ನು ಡೆಲ್ಕೊದ ಬಿಸಿಯೊಳಗೇ ಇಡಬೇಕೆಂಬ ನಿಯಮವೂ ಇಲ್ಲ. ಹೊರಗೆ, ಕಾಯಿಲಿನ ಪಕ್ಕದಲ್ಲಿ, ಬಣ್ಣ ಕೆರೆದ ತಗಡಿಗೆ ಬಿಗಿದು, ಗಿಡ್ಡ ವೈರಿನಿಂದ ಡೆಲ್ಕೊ ಟರ್ಮಿನಲ್ಲಿಗೆ ಕೊಟ್ಟರೂ ಅದೇ ಕೆಲಸ ಮಾಡುತ್ತದೆ. ಕಂಡೆನ್ಸರ್ ಬದಲಿಸುವ ದಿನವೇ ಪಾಯಿಂಟನ್ನೂ ನೋಡಿ: ಒಂದು ಬದಿ ಗುಳಿ, ಇನ್ನೊಂದು ಬದಿ ಗುಬ್ಬಿ ಎದ್ದಿದ್ದರೆ ಎಮ್ರಿ ಪೇಪರಿನಲ್ಲಿ ಉಜ್ಜಿ ಕಾಲ ತಳ್ಳಬೇಡಿ, ಬದಲಿಸಿ. ಗ್ಯಾಪ್ 0.014ರಿಂದ 0.016 ಇಂಚು, ಅಂದರೆ 0.35ರಿಂದ 0.40 ಮಿ.ಮೀ.; ಪ್ಲಗ್ ಗ್ಯಾಪ್ 0.025 ಇಂಚು. ಪಾಯಿಂಟಿನ ನೈಲಾನ್ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗುತ್ತ ಹೋಗುತ್ತದೆ, ಅದಕ್ಕೇ ಪಾಯಿಂಟನ್ನು ತೆರೆಯುವ ಕ್ಯಾಮಿಗೆ ಕಡಲೆಬೇಳೆಯಷ್ಟು ಗ್ರೀಸ್ ಬೇಕು. ಹೆಚ್ಚಾದರೆ ಅದು ಹಾರಿ ಪಾಯಿಂಟಿಗೇ ಅಂಟುತ್ತದೆ. ಡೆಲ್ಕೊ ಒಳಗೆ ಪಾಯಿಂಟಿಗೆ ಹೋಗುವ ಎಳೆವೈರ್, ಎಂಜಿನ್ನಿನ ವ್ಯಾಕ್ಯೂಮ್ ಪಾಯಿಂಟಿನ ತಟ್ಟೆಯನ್ನು ಎಳೆದಾಗಲೆಲ್ಲ ಬಾಗುತ್ತದೆ. ಹೊರಗಿನ ಬಟ್ಟೆ ಹೊದಿಕೆ ಚೆನ್ನಾಗಿದ್ದು ಒಳಗೆ ತಂತಿ ತುಂಡಾಗಿರುವುದೂ ಉಂಟು. ಮೆಲ್ಲಗೆ ಜಗ್ಗಿದರೆ ರಬ್ಬರಿನಂತೆ ಹಿಗ್ಗಿದರೆ ತುಂಡಾಗಿದೆಯೆಂದೇ ಲೆಕ್ಕ.

ನಮ್ಮ ಮಾತು: ಎರಡು ಕೊಳ್ಳಿ, ಒಂದು ಗಾಡಿಗೆ, ಒಂದು ಡ್ಯಾಶ್‌ಬೋರ್ಡಿನ ಖಾನೆಗೆ.

ರೋಟರ್, ಕಾಯಿಲ್

ಮೇನ್ ವೈರಿನಲ್ಲಿ ಒಳ್ಳೆಯ ಕಿಡಿ ಇದ್ದು ಪ್ಲಗ್ಗಿನಲ್ಲಿ ಇಲ್ಲದಿದ್ದರೆ ರೋಟರನ್ನೇ ಹಿಡಿಯಿರಿ. ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ ರೋಟರುಗಳಲ್ಲಿ ಆ ರಿವೆಟ್ಟಿನ ಕೆಳಗಿನ ಪ್ಲಾಸ್ಟಿಕ್ ತೆಳ್ಳಗಿದ್ದರೆ ಕರೆಂಟು ಅದನ್ನು ಸೀಳಿಕೊಂಡು ಕೆಳಗಿನ ಶಾಫ್ಟಿಗೆ ಇಳಿಯುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ಪರೀಕ್ಷೆ ಸುಲಭ: ಕ್ಯಾಪ್ ತೆಗೆದು, ಮೇನ್ ವೈರಿನ ತುದಿಯನ್ನು ರೋಟರಿನ ಹಿತ್ತಾಳೆಯಿಂದ 3 ಮಿ.ಮೀ. ಮೇಲೆ ಹಿಡಿದು ಸೆಲ್ಫ್ ಹೊಡೆಸಿ. ರೋಟರ್ ಸರಿ ಇದ್ದರೆ ಕಿಡಿ ಹಾರಿ ಹೋಗಲು ಜಾಗವೇ ಇಲ್ಲ. ಕಿಡಿ ಹಾರಿದರೆ ರೋಟರ್ ಕಸದಬುಟ್ಟಿಗೆ. ಅಂಗಡಿಯಲ್ಲಿ ರಿವೆಟ್ ಇಲ್ಲದ, ಪಟ್ಟಿಯನ್ನು ಅಚ್ಚಿನಲ್ಲೇ ಕೂರಿಸಿದ ರೋಟರ್ ಕೇಳಿ ಪಡೆಯಿರಿ.

ಕಾಯಿಲನ್ನು ಮುಟ್ಟಿ ನೋಡಿ 'ಸುಡುತ್ತಿದೆ, ಬದಲಾಯಿಸಿ' ಎನ್ನುವುದು ಪರೀಕ್ಷೆಯೇ ಅಲ್ಲ; ಆರೋಗ್ಯವಾಗಿರುವ ಕಾಯಿಲೂ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಬ್ಯಾಲಸ್ಟ್ (ಕಾಯಿಲಿಗೆ ಹೋಗುವ ಕರೆಂಟು ತಗ್ಗಿಸುವ ರೆಸಿಸ್ಟರ್) ಇಲ್ಲದ 12 ವೋಲ್ಟ್ ಕಾಯಿಲಿನ ಪ್ರೈಮರಿ (ಬ್ಯಾಟರಿ ಕಡೆಯ ಸುತ್ತು) ತಣ್ಣಗಿದ್ದಾಗ ಸುಮಾರು 3 ಓಮ್ ತೋರಿಸಬೇಕು. ತಾಮ್ರದ ತಂತಿಯಾದ್ದರಿಂದ ಬಿಸಿಗೆ ಓಮ್ ಏರುತ್ತದೆ: 70 ಡಿಗ್ರಿ ಬಿಸಿ ಹೆಚ್ಚಿದರೆ 3 ಓಮ್ ಸುಮಾರು 3.8 ಆಗುವುದು ಸಹಜ. ಗಾಡಿ ನಿಂತ ಕ್ಷಣದಲ್ಲಿ ಅಳೆದಾಗ ಮೀಟರ್ ಏನನ್ನೂ ತೋರಿಸದಿದ್ದರೆ ಒಳಗೆ ತಂತಿ ಬಿಟ್ಟುಕೊಂಡಿದೆ. ಆದರೆ ಒಳಗಿನ ಇನ್ಸುಲೇಷನ್ ಸೋರುವುದು ಮೀಟರಿಗೆ ಸಿಗುವುದಿಲ್ಲ. ಅದಕ್ಕೆ ಬೇರೆ ಕಾಯಿಲ್ ಹಾಕಿ ಓಡಿಸುವುದೊಂದೇ ದಾರಿ.

ಕೊಳ್ಳುವಾಗ ಓಮ್ ಅಳೆಯದೆ ತರಬೇಡಿ. 1.5 ಓಮಿನ ಕಾಯಿಲ್ ಬ್ಯಾಲಸ್ಟ್ ರೆಸಿಸ್ಟರ್ ಇರುವ ಗಾಡಿಗೆ. ಅದನ್ನು ನೇರ 12 ವೋಲ್ಟಿಗೆ ಕೊಟ್ಟರೆ 4 ಆಂಪಿಯರ್ ಹರಿಯಬೇಕಾದಲ್ಲಿ 8 ಹರಿದು ಪಾಯಿಂಟ್ ಸುಡುತ್ತದೆ, ಕಾಯಿಲೂ ಬೇಯುತ್ತದೆ. ಬಿಸಿಗೆ ನಿಲ್ಲುವ ಕಾಯಿಲೆಯನ್ನು ದುಡ್ಡು ಕೊಟ್ಟು ತಂದಂತೆ. ಕೆಂಪು, ನೀಲಿ ಬಣ್ಣದ 'ಸ್ಪೋರ್ಟ್ಸ್' ಕಾಯಿಲುಗಳಿಂದ ಈ ಎಂಜಿನ್ನಿಗೆ ಆಗುವ ಲಾಭ ಬಣ್ಣ ಮಾತ್ರ. ಕಾಯಿಲನ್ನು ಎಂಜಿನ್ನಿನ ಮೈಗೇ ಬಿಗಿದಿದ್ದರೆ ಅದನ್ನು ಬಿಚ್ಚಿ ಬದಿಯ ತಗಡಿಗೆ ವರ್ಗಾಯಿಸಿ, ಇದಕ್ಕೆ ಖರ್ಚೇ ಇಲ್ಲ. ಎಂಜಿನ್ ನಿಂತಿರುವಾಗ ಚಾವಿ ಆನ್ ಬಿಟ್ಟು ಹಾಡು ಕೇಳುವ ಅಭ್ಯಾಸ ಬೇಡ: ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ ಸುಮಾರು 48 ವಾಟ್ ಬಿಸಿ ಆ ಡಬ್ಬಿಯೊಳಗೇ ಸೇರುತ್ತಿರುತ್ತದೆ.

ಪೆಟ್ರೋಲಿನ ಕಡೆ

ಕರೆಂಟಿನ ಕಡೆ ಎಲ್ಲ ಸರಿ ಇದ್ದು, ಪಂಪ್ ಜೆಟ್ಟಿನಲ್ಲಿ ಧಾರೆ ಬಾರದಿದ್ದರೆ ಆಗ ಏರ್ ಲಾಕ್ ಎನ್ನಲು ಅಡ್ಡಿಯಿಲ್ಲ. ಈ ಎಂಜಿನ್ನಿನ ರಚನೆಯೇ ಹಾಗಿದೆ: ಕಾರ್ಬೊರೇಟರ್ ಮೇಲೆ, ನಡುವೆ ಬಿಸಿ ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಕೆಳಗೆ ಎಸಿ ಪಂಪ್, ಮೂರೂ ಒಂದೇ ಪಕ್ಕದಲ್ಲಿ. ಇನ್ನೊಂದು ಪಕ್ಕದಲ್ಲಿ ಪ್ಲಗ್ಗು, ಡೆಲ್ಕೊ. ಪಂಪು ಹಿಂದಿನ ಟ್ಯಾಂಕಿನಿಂದ ಗಾಡಿಯ ಉದ್ದಕ್ಕೂ ಪೆಟ್ರೋಲನ್ನು ಹೀರಿ ತರಬೇಕು. ಎಳನೀರಿನ ಸ್ಟ್ರಾದಲ್ಲಿ ಹೀರಿದಾಗ ಒಳಗೆ ಒತ್ತಡ ಕಡಿಮೆಯಾಗುತ್ತದಲ್ಲ, ಪೈಪಿನಲ್ಲೂ ಹಾಗೇ. ಒತ್ತಡ ಇಳಿದಲ್ಲಿ ಕುದಿಯುವ ಬಿಸಿಯೂ ಇಳಿಯುತ್ತದೆ, ಪಂಪಿನ ಬಾಯಲ್ಲೇ ಗುಳ್ಳೆ ಏಳುತ್ತದೆ, ಪಂಪಿನೊಳಗಿನ ಪೊರೆ, ಅಂದರೆ ಡಯಾಫ್ರಮ್, ಪೆಟ್ರೋಲಿನ ಬದಲು ಆವಿಯನ್ನು ಹಿಂಡುತ್ತ ಕೂರುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಮೊದಲ ಹತ್ತು ಹದಿನೈದು ನಿಮಿಷ ಬಾನೆಟ್ಟಿನೊಳಗೆ ಬಿಸಿ ಇಳಿಯುವ ಬದಲು ಏರುತ್ತದೆ, ಏಕೆಂದರೆ ಫ್ಯಾನ್ ನಿಂತಿದೆ, ನೀರು ಹರಿಯುತ್ತಿಲ್ಲ. ಶಿರಾಡಿ ಹತ್ತಿ ಟೀಗೆ ನಿಲ್ಲಿಸಿದ ಗಾಡಿ ಮತ್ತೆ ಹಿಡಿಯದಿರುವುದು ಇದಕ್ಕೇ. ನಿಲ್ಲಿಸುವ ಮೊದಲು ಎರಡು ನಿಮಿಷ ಐಡಲಿನಲ್ಲಿ ಬಿಟ್ಟು, ಆಫ್ ಮಾಡಿದ ಮೇಲೆ ಬಾನೆಟ್ ಎತ್ತಿಟ್ಟರೆ ಅರ್ಧ ತೊಂದರೆ ಇಲ್ಲ.

ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಹಳೆಯ ಡ್ರೈವರುಗಳ ಉಪಾಯ ಪರೀಕ್ಷೆಗೂ ಒದಗುತ್ತದೆ, ಒಂದು ಷರತ್ತಿನ ಮೇಲೆ: ನಿಂತ ಕೂಡಲೇ ಹಾಕಿ ಒಂದೆರಡು ನಿಮಿಷದಲ್ಲೇ ಸೆಲ್ಫ್ ಹೊಡೆಯಬೇಕು. ಅರ್ಧ ಗಂಟೆ ಬಿಟ್ಟು ಹಿಡಿದರೆ ಅದು ಬಟ್ಟೆಯ ಪ್ರತಾಪವೋ ಗಡಿಯಾರದ್ದೋ ತಿಳಿಯುವುದಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ನೀರು ಸುರಿಯಬೇಡಿ, ಎರಕದ ಕಬ್ಬಿಣ ಬಿರಿಯುತ್ತದೆ.

ಇನ್ನು ಇ20. ಈ ಪೆಟ್ರೋಲನ್ನು ದೇಶಕ್ಕೆ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಶೇ 20 ಎಥನಾಲ್ ಬೆರೆತದ್ದು ಹಳೆಯ ಕಾರ್ಬೊರೇಟರ್ ಗಾಡಿಗೆ ಎರಡು ರೀತಿಯಲ್ಲಿ ತಗಲುತ್ತದೆ. ಒಂದು, ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳ್ಳಗಾಗುತ್ತದೆ. ಬಿಸಿ ಐಡಲಿನಲ್ಲಿ ಮೊದಲೇ ಬಡಕಲಾಗಿದ್ದ ಎಂಜಿನ್ ಆಗ ನಿಂತೇ ಬಿಡುತ್ತದೆ. ಐಡಲ್ ಮಿಕ್ಸ್‌ಚರ್ ಸ್ಕ್ರೂ ಅರ್ಧ ಸುತ್ತು ಹೊರಗೆ ತಂದು ಎಂಜಿನ್ ಬಿಸಿ ಇರುವಾಗಲೇ ಟ್ಯೂನಿಂಗ್ ಮಾಡಿದರೆ ಎಷ್ಟೋ ಗಾಡಿಗಳಿಗೆ ಅಷ್ಟೇ ಸಾಕಾಗುತ್ತದೆ. ಎರಡು, ಹಳೆಯ ರಬ್ಬರು ಮತ್ತು ಡಯಾಫ್ರಮ್ ಇದರಲ್ಲಿ ಊದಿಕೊಳ್ಳುತ್ತವೆ, ಆಮೇಲೆ ಬಿರಿಯುತ್ತವೆ. ಹೀರುವ ಬದಿಯ ಪೈಪು ಬಿರಿದರೆ ಪೆಟ್ರೋಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವುದೂ ಇಲ್ಲ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಹೆಸರಿಲ್ಲದ ಕಪ್ಪು ಪೈಪು ಬೇಡ. ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಿರುವುದನ್ನು ಕೇಳಿ. ಬೆಲೆ ಹೆಚ್ಚು, ಆದರೆ ಇಡೀ ಗಾಡಿಗೆ ಬೇಕಾಗುವುದು ಒಂದು ಮೀಟರಿನ ಆಸುಪಾಸು. ಇದೊಂದು ಕೊಳ್ಳಲೇಬೇಕಾದ ಸಾಮಾನು.

ಎಸಿ ಪಂಪಿನ ರಿಪೇರಿ ಕಿಟ್ಟೂ ಹಾಗೆ. ಎಥನಾಲ್ ತಾಳುವ ಡಯಾಫ್ರಮ್ ಎಂದು ಖಚಿತಪಡಿಸಿಕೊಂಡು ತನ್ನಿ. ಪಂಪಿಗೂ ಬ್ಲಾಕಿಗೂ ನಡುವೆ ಇರುವ ದಪ್ಪ ಪ್ಯಾಕಿಂಗನ್ನು ಬಿಸಾಡಿ ತೆಳು ಕಾಗದದ ಪ್ಯಾಕಿಂಗ್ ಹಾಕುವ ಮೆಕ್ಯಾನಿಕ್‌ಗಳಿದ್ದಾರೆ. ಆ ದಪ್ಪ ತುಂಡು ಬ್ಲಾಕಿನ ಬಿಸಿಯನ್ನೂ ತಡೆಯುತ್ತದೆ, ಪಂಪಿನ ಕೈ ಕ್ಯಾಮಿಗೆ ಎಷ್ಟು ತಾಗಬೇಕೆಂಬುದನ್ನೂ ನಿರ್ಧರಿಸುತ್ತದೆ. ಅದು ಇದ್ದ ದಪ್ಪದಲ್ಲೇ ಇರಬೇಕು.

ಎಲೆಕ್ಟ್ರಿಕ್ ಪಂಪ್ ಕಿಟ್

ತತ್ವ ಸರಿಯಾಗಿಯೇ ಇದೆ. ಟ್ಯಾಂಕಿನ ಹತ್ತಿರ ಕೂತ ಪಂಪು ಹೀರುವ ಬದಲು ತಳ್ಳುತ್ತದೆ. ಪೈಪಿನುದ್ದಕ್ಕೂ ಒತ್ತಡ ಇರುವುದರಿಂದ ಗುಳ್ಳೆ ಏಳುವುದು ಕಡಿಮೆ. ತೊಂದರೆ ಇರುವುದು ಡಬ್ಬಿಯಲ್ಲಿ ಬರುವ ಮತ್ತು ಬಾರದ ಸಾಮಾನಿನಲ್ಲಿ. ಸಾಮಾನ್ಯ ಅಗ್ಗದ ಕಿಟ್ಟಿನಲ್ಲಿ ಪಂಪು, ಎರಡು ತುಂಡು ಪೈಪು, ಕ್ಲಾಂಪು, ಪ್ಲಾಸ್ಟಿಕ್ ಫಿಲ್ಟರು, ಎರಡು ವೈರು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಆನ್ ಮಾಡುವ ಸ್ವಿಚ್) ಇಲ್ಲ, ಫ್ಯೂಸ್ ಇಲ್ಲ, ಅಪಘಾತದಲ್ಲಿ ಪಂಪ್ ನಿಲ್ಲಿಸುವ ಸ್ವಿಚ್ ಇಲ್ಲ, ಪ್ರೆಷರ್ ರೆಗ್ಯುಲೇಟರ್ ಇಲ್ಲ. ಕೊಟ್ಟಿರುವ ಪೈಪನ್ನೂ ಬಿಸಾಡಬೇಕು.

ಮುಖ್ಯವಾದ ಅಂಕಿ ಪ್ರೆಷರ್. ಗಾಡಿಯ ಮೂಲ ಎಸಿ ಪಂಪು ಕೊಡುವುದು ಸುಮಾರು 1.5ರಿಂದ 2.5 ಪಿಎಸ್‌ಐ. ಡಬ್ಬಿಯ ಮೇಲೆ 4, 5, ಕೆಲವೊಮ್ಮೆ 7 ಪಿಎಸ್‌ಐ ಎಂದು ಬರೆದಿರುವ ಪಂಪುಗಳೂ 'ಎಲ್ಲ ಕಾರ್ಬೊರೇಟರಿಗೂ ಆಗುತ್ತೆ' ಎಂಬ ಮಾತಿನೊಂದಿಗೆ ಬಿಕರಿಯಾಗುತ್ತವೆ. ಅಷ್ಟು ಒತ್ತಡಕ್ಕೆ ಸೋಲೆಕ್ಸಿನೊಳಗೆ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್ ಮುಚ್ಚಿಕೊಳ್ಳುವುದಿಲ್ಲ, ಪೆಟ್ರೋಲ್ ಉಕ್ಕುತ್ತದೆ. ಉಕ್ಕಿದ್ದು ಬೀಳುವುದು ಎಲ್ಲಿಗೆ? ಕೆಳಗಿನ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ. ಗಾಡಿಗೆ ಬೆಂಕಿ ಹತ್ತಲು ಇನ್ನೇನು ಬೇಕು. ಆದ್ದರಿಂದ 1.5ರಿಂದ 3ರೊಳಗಿನ ಪಂಪನ್ನೇ ಆರಿಸಿ, ಇಲ್ಲವೇ ರೆಗ್ಯುಲೇಟರ್ ಹಾಕಿ. ಮತ್ತು ರೆಗ್ಯುಲೇಟರಿನ ಗುಂಡಿಯ ಮೇಲೆ ಬರೆದ ಅಂಕಿಯನ್ನು ನಂಬದೆ ಒಂದು ಗೇಜ್ ಕೂರಿಸಿ ಅಳೆಯಿರಿ.

ಕೂರಿಸುವ ಜಾಗ ಟ್ಯಾಂಕಿನ ಪಕ್ಕ, ಟ್ಯಾಂಕಿನ ತಳಕ್ಕಿಂತ ಕೆಳಗೆ, ಸೈಲೆನ್ಸರ್ ಪೈಪಿನಿಂದ ದೂರ. ಬಾನೆಟ್ಟಿನೊಳಗೆ ಕಾರ್ಬೊರೇಟರಿನ ಪಕ್ಕದಲ್ಲಿ ಕೂರಿಸಿಕೊಟ್ಟ ಗಾಡಿಗಳು ಕಾಣಸಿಗುತ್ತವೆ. ಅದು ಹಳೆಯ ಪಂಪು ಮಾಡುತ್ತಿದ್ದ ತಪ್ಪನ್ನು ಕರೆಂಟಿನಲ್ಲಿ ಮಾಡಿದಂತೆ, ಅಷ್ಟೇ. ರಬ್ಬರ್ ಬುಷ್ ಮೇಲೆ ಕೂರಿಸದಿದ್ದರೆ ಟಕಟಕ ಸದ್ದು ಹಿಂದಿನ ಸೀಟಿನವರಿಗೆ ಊರೆಲ್ಲ ಕೇಳಿಸುತ್ತದೆ. ಪಂಪಿನ ಮೊದಲು ಒಂದು ಫಿಲ್ಟರ್ ಕಡ್ಡಾಯ. ವೈರಿಂಗ್ ಹೀಗೆ: ಬ್ಯಾಟರಿಯಿಂದ 5 ಆಂಪಿಯರ್ ಫ್ಯೂಸ್ ಮೂಲಕ ರಿಲೇಯ 30ನೇ ನಂಬರಿನ ಟರ್ಮಿನಲ್ಲಿಗೆ, 87ರಿಂದ ಪಂಪಿಗೆ, 86ಕ್ಕೆ ಚಾವಿಯ ಕರೆಂಟು, 85 ಅರ್ಥ್‌ಗೆ. ಪಂಪಿನ ವೈರಿನ ನಡುವೆ, ಡಿಕ್ಕಿಯಾದರೆ ತಾನೇ ಕಡಿಯುವ ಇನರ್ಷಿಯಾ ಸ್ವಿಚ್ ಒಂದನ್ನು ಸೇರಿಸಿ. ಗುಜರಿಯಲ್ಲಿ ಇಂಜೆಕ್ಷನ್ ಕಾರುಗಳಿಂದ ಬಿಚ್ಚಿದ್ದು ಸಿಗಬಹುದು. ಅದರ ಬದಲು ಆಯಿಲ್ ಪ್ರೆಷರ್ ಸ್ವಿಚ್ ಬಳಸುವುದಾದರೆ ಮೂರು ಟರ್ಮಿನಲ್ಲಿನದು ಬೇಕು. ಗಾಡಿಯಲ್ಲಿರುವ ಕೆಂಪು ಲೈಟಿನ ಸ್ವಿಚ್ ಪ್ರೆಷರ್ ಇಲ್ಲದಾಗ ಕೂಡಿಕೊಳ್ಳುವಂಥದು, ಇಲ್ಲಿ ಬೇಕಾದದ್ದು ಅದರ ವಿರುದ್ಧ.

ಹಳೆಯ ಎಸಿ ಪಂಪನ್ನು ಹಾಗೇ ಬಿಟ್ಟು ಅದರ ಮೂಲಕವೇ ಎಲೆಕ್ಟ್ರಿಕ್ ಪಂಪಿನ ಪೆಟ್ರೋಲ್ ಹಾಯಿಸುವುದು ಕಿಟ್ ಕೂರಿಸುವವರ ಸುಲಭದ ದಾರಿ. ಡಯಾಫ್ರಮ್ ಹರಿದ ದಿನ ಪೆಟ್ರೋಲ್ ನೇರ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಕಡ್ಡಿಯಲ್ಲಿ ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಓಡಿಸದೆ ಆಯಿಲ್ ಬದಲಿಸಿ. ಹಳೆಯ ಪಂಪನ್ನು ತೆಗೆದು ಆ ಬಾಯಿಗೆ 6 ಮಿ.ಮೀ. ಕಬ್ಬಿಣದ ತಟ್ಟೆಯನ್ನು ಪ್ಯಾಕಿಂಗ್ ಹಾಕಿ ಬಿಗಿಯುವುದು ಸರಿಯಾದ ಕೆಲಸ.

ಇಷ್ಟೆಲ್ಲ ಮಾಡುವುದಾದರೆ ಕೊಳ್ಳಿ. ಪಂಪನ್ನು ಚಾವಿಗೆ ನೇರ ಜೋಡಿಸಿ ಕಳಿಸುವ ಗ್ಯಾರೇಜಾದರೆ ಬೇಡವೇ ಬೇಡ.

ಉಳಿದವು

ಕಾರ್ಬೊರೇಟರ್ ಅಡಿಯ ಬೇಕಲೈಟ್ ತುಂಡು ಚೇಂಬರಿನಲ್ಲಿ ಪೆಟ್ರೋಲ್ ಕುದಿಯುವ ಗಾಡಿಗೆ, ಅಂದರೆ ಆವಿ ಏಳುತ್ತದೆ ಎಂದೆವಲ್ಲ ಆ ಲಕ್ಷಣಕ್ಕೆ, ನಿಜವಾಗಿಯೂ ಕೆಲಸ ಮಾಡುತ್ತದೆ. ಪೆಟ್ರೋಲ್ ಬಾರದೆ ನಿಲ್ಲುವ ಗಾಡಿಗೆ ಏನೂ ಮಾಡುವುದಿಲ್ಲ. 6ರಿಂದ 10 ಮಿ.ಮೀ. ದಪ್ಪದ್ದು ಸಾಕು, ಅದಕ್ಕೂ ಹೆಚ್ಚಾದರೆ ಸ್ಟಡ್ ಗಿಡ್ಡವಾಗುತ್ತದೆ, ಆಕ್ಸಲರೇಟರ್ ಲಿಂಕ್ ಕೋನ ತಪ್ಪುತ್ತದೆ, ಏರ್ ಕ್ಲೀನರ್ ಬಾನೆಟ್ಟಿಗೆ ತಾಗುತ್ತದೆ. ಎರಡೂ ಮುಖಕ್ಕೆ ಪ್ಯಾಕಿಂಗ್ ಹಾಕಿ, ನಟ್ಟನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಜೋರಾಗಿ ಬಿಗಿದರೆ ಕಾರ್ಬೊರೇಟರಿನ ತಳವೇ ಬಾಗಿ ಗಾಳಿ ಎಳೆಯುತ್ತದೆ, ಐಡಲ್ ನಿಲ್ಲುವುದಿಲ್ಲ. ಮರದ ಪುಡಿ ಒತ್ತಿ ಮಾಡಿದ ಹಲಗೆಯ ತುಂಡುಗಳನ್ನೂ ಬೇಕಲೈಟ್ ಎಂದೇ ಮಾರುತ್ತಾರೆ. ಅಂಚನ್ನು ಉಗುರಿನಿಂದ ಕೆರೆದರೆ ಪದರ ಏಳುವಂಥದ್ದು ಬೇಡ.

ಎಲೆಕ್ಟ್ರಾನಿಕ್ ಇಗ್ನಿಷನ್ ಮಾಡ್ಯೂಲ್ ಪಾಯಿಂಟ್, ಕಂಡೆನ್ಸರ್ ಎರಡರ ಕಾಟವನ್ನೂ ತಪ್ಪಿಸುತ್ತದೆ, ಟೈಮಿಂಗ್ ಕದಲುವುದಿಲ್ಲ, ದಿನಾ ಓಡುವ ಗಾಡಿಗೆ ಒಳ್ಳೆಯದೇ. ಆದರೆ ಅದೂ ಅದೇ ಬಿಸಿ ಡೆಲ್ಕೊ ಒಳಗೇ ಕೂರುವ ಅರೆವಾಹಕ. ಸತ್ತರೆ ಮುನ್ಸೂಚನೆಯಿಲ್ಲದೆ ಸಾಯುತ್ತದೆ, ಚಿಕ್ಕಮಗಳೂರಿನ ದಾರಿಯಲ್ಲಿ ನಿಂತರೆ ಇಕ್ಕಳದಿಂದ ಏನೂ ಮಾಡಲಾಗುವುದಿಲ್ಲ. ಬಿಚ್ಚಿದ ಪಾಯಿಂಟ್ ಸೆಟ್ಟನ್ನು ಗಾಡಿಯಲ್ಲೇ ಇಟ್ಟುಕೊಳ್ಳುವ ಷರತ್ತಿನ ಮೇಲೆ ಕೊಳ್ಳಬಹುದು. ಕೊಳ್ಳುವ ಮೊದಲು ಎರಡು ವಿಚಾರ: ಕಾಯಿಲ್ 3 ಓಮಿಗಿಂತ ಕಡಿಮೆ ಇರಬಾರದು, ಮತ್ತು ಬ್ಯಾಟರಿಯ ಯಾವ ತುದಿ ಬಾಡಿಗೆ ಅರ್ಥ್ ಆಗಿದೆ ಎಂದು ಕಣ್ಣಾರೆ ನೋಡಬೇಕು. ಡೈನಮೊ ಕಾಲದ ಗಾಡಿಯಲ್ಲಿ ಪಾಸಿಟಿವ್ ಅರ್ಥ್ ಇರಬಹುದು. ನೆಗೆಟಿವ್ ಅರ್ಥ್ ಮಾಡ್ಯೂಲನ್ನು ಅದಕ್ಕೆ ಜೋಡಿಸಿದರೆ ಚಾವಿ ತಿರುಗಿಸಿದ ಕ್ಷಣವೇ ಸುಡುತ್ತದೆ, ಗ್ಯಾರಂಟಿಯೂ ಸಿಗುವುದಿಲ್ಲ. ಡೆಲ್ಕೊ ಶಾಫ್ಟನ್ನು ಬೆರಳಿನಿಂದ ಅಡ್ಡಕ್ಕೆ ಅಲ್ಲಾಡಿಸಿದಾಗ ಆಟ ಇದ್ದರೆ ಮೊದಲು ಬುಷ್ ಹಾಕಿಸಿ.

ಬೆಳ್ಳಿ ಟೇಪು ಪೈಪಿಗೆ ಸುತ್ತಿದರೆ ಚೆನ್ನಾಗಿ ಕಾಣುತ್ತದೆ. ಮ್ಯಾನಿಫೋಲ್ಡಿಗೂ ಕಾರ್ಬೊರೇಟರಿಗೂ ನಡುವೆ, ಎರಡಕ್ಕೂ ತಾಗದಂತೆ ಒಂದು ಅಲ್ಯುಮಿನಿಯಂ ತಗಡನ್ನು ಅಡ್ಡ ನಿಲ್ಲಿಸಿದರೆ ಅದಕ್ಕಿಂತ ಹೆಚ್ಚು ಬಿಸಿ ತಡೆಯುತ್ತದೆ, ಟಿಂಕರಿಂಗ್ ಅಂಗಡಿಯಲ್ಲಿ ಅರ್ಧ ಗಂಟೆಯ ಕೆಲಸ. ಪೆಟ್ರೋಲ್ ಪೈಪನ್ನು ಮ್ಯಾನಿಫೋಲ್ಡಿನ ಪಕ್ಕದಲ್ಲೇ ಹಾಯಿಸಿದ್ದರೆ ಟೇಪು ಸುತ್ತುವ ಮೊದಲು ಪೈಪಿನ ದಾರಿಯನ್ನು ಬದಲಿಸಿ, ಕೈಯಗಲದಷ್ಟು ಅಂತರ ಬಿಟ್ಟು ಕ್ಲಿಪ್ ಹಾಕಿ.